ಓದುಗರ ಪ್ರಶ್ನೆ: ‘ಮ್ಯಾಕ್‌ಬೆತ್’ನಲ್ಲಿ ಪದದ ಜಾಡು ಹಿಡಿಯುವುದು

ಪ್ರಶ್ನೆ: ಬಿ.ಎ.ಯಲ್ಲಿ ಐಚ್ಛಿಕ ಇಂಗ್ಲಿಷ್ ಓದುತ್ತಿದ್ದೇನೆ. ಷೇಕ್ಸ್‌ಪಿಯರನ ‘ಮ್ಯಾಕ್‌ಬೆತ್’ ಬಗ್ಗೆ ‘ದುರಾಸೆಯೇ ದುರಂತಕ್ಕೆ ಕಾರಣ’ ಎಂದು ನಾಲ್ಕು ಪುಟ ಬರೆದೆ. ‘ಕಥೆ ಹೇಳಿದ್ದೀರಿ, ಭಾಷೆಯ ವಿಶ್ಲೇಷಣೆ ಎಲ್ಲಿ?’ ಎಂದು ಮಾರ್ಕ್ಸ್ ಕಡಿತ. ಎಲ್ಲಿಂದ ಶುರು ಮಾಡಲಿ?
— ವಿದ್ಯಾರ್ಥಿನಿ, ಹಾಸನ

ಉತ್ತರ: ‘ದುರಾಸೆ’ ಎಂಬ ತೀರ್ಪಿನಿಂದ ಹೊರಟು ಅದಕ್ಕೆ ಒಪ್ಪುವ ಸಾಲು ಹುಡುಕಿದ್ದೇ ತೊಡಕು. ಹಾಗೆ ಹೊರಟರೆ ಯಾವ ಸಾಲಾದರೂ ಸಾಕ್ಷಿಯಂತೆ ಕಾಣುತ್ತದೆ, ಅದರೊಳಗಿನ ಪದಗಳ ಮೇಲೆ ಕಣ್ಣು ನಿಲ್ಲುವುದಿಲ್ಲ. ಪದದಿಂದ ಹೊರಡಿ. ಒಂದು ಪದವೋ ಚಿತ್ರವೋ ನಾಟಕದಲ್ಲಿ ಬರುವ ಜಾಗಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿ. ಯಾರು, ಯಾರಿಗೆ, ಏನು ನಡೆದ ಮೇಲೆ ಹೇಳಿದರು ಎಂದು ಪಕ್ಕದಲ್ಲಿ ಬರೆದುಕೊಳ್ಳಿ. ರಕ್ತವನ್ನು ಎಲ್ಲರೂ ಹಿಡಿಯುತ್ತಾರೆ. ನೀವು ಬಟ್ಟೆಯನ್ನು ಹಿಡಿಯಿರಿ.

1ನೇ ಅಂಕದ 3ನೇ ದೃಶ್ಯದಲ್ಲಿ ಹೊಸ ಪದವಿಯ ಸುದ್ದಿ ಬಂದಾಗ ಮ್ಯಾಕ್‌ಬೆತ್, ಎರವಲು ಉಡುಪನ್ನು ನನಗೇಕೆ ತೊಡಿಸುತ್ತೀರಿ ಎಂದು ಕೇಳುತ್ತಾನೆ. ಹೊಸ ಗೌರವ ಹೊಸ ಬಟ್ಟೆಯ ಹಾಗೆ, ತೊಟ್ಟೂ ತೊಟ್ಟೂ ಮೈಗೆ ಒಗ್ಗಬೇಕು ಎಂದು ಅವನ ಜೊತೆಗಾರ ಸೇನಾನಿ ಬ್ಯಾಂಕೋ ಅಲ್ಲೇ ಅನ್ನುತ್ತಾನೆ. ಅದೇ ಅಂಕದ 7ನೇ ದೃಶ್ಯದಲ್ಲಿ ಮ್ಯಾಕ್‌ಬೆತ್‌ನ ಹೆಂಡತಿ, ನೀನು ತೊಟ್ಟಿದ್ದ ಆಸೆ ಆಗ ಕುಡಿದಿತ್ತೇ ಎಂದು ಚುಚ್ಚುತ್ತಾಳೆ. ಮ್ಯಾಕ್‌ಬೆತ್ ರಾಜ ಡಂಕನ್‌ನನ್ನು ಕೊಂದ ನಂತರ, 2ನೇ ಅಂಕದ 3ನೇ ದೃಶ್ಯದಲ್ಲಿ, ಬಾಕುಗಳೇ ನೆತ್ತರಿನ ಚಲ್ಲಣ ತೊಟ್ಟಿದ್ದವು ಎಂದು ಮ್ಯಾಕ್‌ಬೆತ್ ವರ್ಣಿಸುತ್ತಾನೆ. ಅತಿಯಾಗಿ ಅಲಂಕರಿಸಿದ ಈ ಮಾತಿನಲ್ಲಿ ಸುಳ್ಳಿನ ವಾಸನೆ ಬರುತ್ತದೆ. ಕೊನೆಗೆ 5ನೇ ಅಂಕದ 2ನೇ ದೃಶ್ಯದಲ್ಲಿ ಆಂಗಸ್ ಎಂಬ ಸರದಾರ ಹೇಳುವುದು: ರಾಕ್ಷಸನ ನಿಲುವಂಗಿ ಕದ್ದು ತೊಟ್ಟ ಕುಳ್ಳ ಕಳ್ಳನ ಮೈಮೇಲೆ ಜೋತಾಡುವಂತೆ ಮ್ಯಾಕ್‌ಬೆತ್‌ನ ಪದವಿ ಜೋತಾಡುತ್ತಿದೆ.

ಈಗ ಬ್ಯಾಂಕೋನನ್ನೂ ಆಂಗಸನನ್ನೂ ಅಕ್ಕಪಕ್ಕ ಇಡಿ. ಒಗ್ಗುತ್ತದೆ ಎಂದಿದ್ದು ಒಗ್ಗಲೇ ಇಲ್ಲ. ಎರವಲು ಎಂದಿದ್ದು ಕಳವಾಯಿತು. ನಿಮ್ಮ ವಾದ ಇಲ್ಲಿ ಸಿಕ್ಕಿತು. ಪ್ರಶ್ನೆ ಬರೀ ಆಸೆಯದಲ್ಲ, ಅಧಿಕಾರ ಯಾರ ಮೈ ಅಳತೆಯದು ಎಂಬುದು.

ಬರೆಯುವಾಗ ಉದ್ಧರಣೆ ಮೂರರಿಂದ ಎಂಟು ಪದ ಇದ್ದರೆ ಸಾಕು. ಇಡೀ ಆರು ಸಾಲು ಇಳಿಸಿದರೆ ಯಾವ ಪದದ ಬಗ್ಗೆ ಮಾತಾಡುತ್ತಿದ್ದೀರಿ ಎಂದು ಓದುವವರಿಗೆ ಗೊತ್ತಾಗದು. ‘ಇಲ್ಲಿ ರೂಪಕವಿದೆ’ ಎಂದು ಹೆಸರು ಹೇಳಿ ಮುಂದೆ ಹೋಗುವುದು ಎಲ್ಲಕ್ಕಿಂತ ಸಾಮಾನ್ಯ ತಪ್ಪು. ಆ ರೂಪಕ ಬೇರೆ ಪಾತ್ರದ ಬಾಯಲ್ಲಿ ಬಂದಿದ್ದರೆ ಏನು ಬದಲಾಗುತ್ತಿತ್ತು ಎಂದು ಒಂದು ವಾಕ್ಯ ಸೇರಿಸಿ ನೋಡಿ, ವಿಶ್ಲೇಷಣೆ ತಾನೇ ಹೊರಡುತ್ತದೆ.

ಪ್ರಶ್ನೆ: ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುವ ದೃಶ್ಯ ಗದ್ಯದಲ್ಲಿ ಏಕಿದೆ?
— ಪಿ.ಯು. ಉಪನ್ಯಾಸಕರು, ಶಿರಸಿ

ಉತ್ತರ: ಅದುವರೆಗೆ ಅವಳ ಸ್ವಂತ ಮಾತೆಲ್ಲ ಪದ್ಯ: ಸಾಲಿಗೆ ಸುಮಾರು ಹತ್ತು ಸಿಲಬಲ್, ಐದು ಒತ್ತು. ಗಂಡ ಹಿಂಜರಿದಾಗಲೂ ಅವಳ ಲಯ ಕದಲದು. 5ನೇ ಅಂಕದ 1ನೇ ದೃಶ್ಯದಲ್ಲಿ ಆ ಕಟ್ಟು ಬಿಚ್ಚಿಹೋಗಿ ಹಳೆಯ ಮಾತುಗಳ ಚೂರುಗಳಷ್ಟೇ ಉಳಿಯುತ್ತವೆ. ಆ ಚೂರುಗಳನ್ನು ಅವುಗಳ ಮೂಲಕ್ಕೆ ಜೋಡಿಸಿ ತೋರಿಸಿ. ಕೊಲೆಯ ರಾತ್ರಿ ‘ಅ ಲಿಟ್ಲ್ ವಾಟರ್’, ಒಂದಿಷ್ಟು ನೀರು ಸಾಕು, ಅಂದವಳು ಈಗ ಅರೇಬಿಯದ ಸುಗಂಧವೆಲ್ಲ ಸುರಿದರೂ ‘ದಿಸ್ ಲಿಟ್ಲ್ ಹ್ಯಾಂಡ್’ ಕಂಪಾಗದು ಎನ್ನುತ್ತಾಳೆ. ಅದೇ ‘ಲಿಟ್ಲ್’, ಆಗ ನೀರಿಗೆ ಅಂಟಿತ್ತು, ಈಗ ಕೈಗೆ. 3ನೇ ಅಂಕದ 2ನೇ ದೃಶ್ಯದಲ್ಲಿ ಆಗಿದ್ದು ಆಗಿಹೋಯಿತು ಎಂದು ಗಂಡನನ್ನು ಸಮಾಧಾನಪಡಿಸಿದವಳೂ, ಆಗಿದ್ದನ್ನು ಅಳಿಸಲಾಗದು ಎಂದು ಈಗ ಗೊಣಗುವವಳೂ ಒಬ್ಬಳೇ. ನಾಟಕದಲ್ಲಿ ಇಷ್ಟು ಎದೆ ಹಿಂಡುವ ಪುನರುಕ್ತಿ ಇನ್ನೊಂದಿಲ್ಲ.

ಗದ್ಯವೆಂದರೆ ಹುಚ್ಚು ಎಂಬ ಸೂತ್ರ ಮಾತ್ರ ಬೇಡ. ಬಾಗಿಲು ಕಾಯುವವನ ಮಾತೂ ಗದ್ಯ, ಮ್ಯಾಕ್‌ಬೆತ್ ಬರೆದ ಪತ್ರವೂ ಗದ್ಯ. ಇದೇ ದೃಶ್ಯದ ಕೊನೆಯಲ್ಲಿ, ಅವಳು ಹೋದ ಮೇಲೆ, ವೈದ್ಯ ಪದ್ಯಕ್ಕೆ ಮರಳುತ್ತಾನೆ. ಆ ತಿರುವನ್ನೂ ಮಕ್ಕಳಿಗೆ ತೋರಿಸಿ.

ಪ್ರಶ್ನೆ: ಕನ್ನಡದಲ್ಲಿ ಓದಿ ಇಂಥ ವಿಶ್ಲೇಷಣೆ ಮಾಡಬಹುದೇ?
— ಓದುಗರು, ಧಾರವಾಡ

ಉತ್ತರ: ಪಾತ್ರ, ಕಥೆಯ ಓಟಕ್ಕೆ ಧಾರಾಳವಾಗಿ. ಪದದ ಜಾಡಿಗೆ ಮೂಲ ಪಕ್ಕದಲ್ಲಿರಲಿ. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ದಂಥ ‘ಮ್ಯಾಕ್‌ಬೆತ್’ ರೂಪಾಂತರದಲ್ಲಿ ಊರು, ಹೆಸರುಗಳೇ ನಮ್ಮವಾಗುವುದರಿಂದ ಮೂಲದ ಪದವನ್ನು ಹುಡುಕುವುದು ಕಷ್ಟ.

ಆದರೆ ಕನ್ನಡದ ಕಿವಿಗೆ ಎರಡು ಸಂಗತಿ ಬೇಗ ಕೇಳಿಸುತ್ತವೆ. ಒಂದು, ‘ಯೂ’ ಮತ್ತು ಹಳೆಯ ಇಂಗ್ಲಿಷಿನ ಏಕವಚನ ‘ದೌ’ (‘ದೈ’ ಎಂದರೆ ‘ನಿನ್ನ’). 1ನೇ ಅಂಕದ 7ನೇ ದೃಶ್ಯದಲ್ಲಿ ‘ಯೂ’ ಎಂದು ಶುರುಮಾಡಿದ ಹೆಂಡತಿ, ನಿನ್ನ ಪ್ರೀತಿಯೂ ಇಷ್ಟೇ ಎನ್ನುವ ಹೊತ್ತಿಗೆ ‘ದೈ’, ‘ದೌ’ಗೆ ಜಾರಿ, ಅವನು ಪ್ರತಿಭಟಿಸಿದ ಮೇಲೆ ಮತ್ತೆ ‘ಯೂ’ಗೆ ಬರುತ್ತಾಳೆ. ನಮ್ಮ ‘ನೀನು’ವಿನಂತೆ ‘ದೌ’ ಕೂಡ ಸಲುಗೆಗೂ ಆಗುತ್ತದೆ, ತಿರಸ್ಕಾರಕ್ಕೂ ಆಗುತ್ತದೆ. ಇಲ್ಲಿ ಎರಡೂ ಇವೆ.

ಇನ್ನೊಂದು, 2ನೇ ಅಂಕದ 2ನೇ ದೃಶ್ಯದಲ್ಲಿ ಕೈ ತೊಳೆಯುವ ಬಗ್ಗೆ ಮ್ಯಾಕ್‌ಬೆತ್ ಆಡುವ ಮಾತು. ‘ಮಲ್ಟಿಟ್ಯೂಡಿನಸ್ ಸೀಸ್ ಇನ್‌ಕಾರ್ನಡೈನ್’ (ಅಸಂಖ್ಯ ಕಡಲುಗಳನ್ನು ಕೆಂಪಾಗಿಸುವುದು) ಎಂದು ಲ್ಯಾಟಿನ್ ಬೇರಿನ ಉದ್ದುದ್ದ ಪದಗಳು ಉರುಳಿದ ಬೆನ್ನಿಗೇ ‘ಮೇಕಿಂಗ್ ದ ಗ್ರೀನ್ ಒನ್ ರೆಡ್’ ಎಂಬ ಚಿಕ್ಕ ಮನೆಮಾತು ಬರುತ್ತದೆ. ಸಂಸ್ಕೃತದ ದೀರ್ಘ ಸಮಾಸ ಮುಗಿದೊಡನೆ ಅಚ್ಚಗನ್ನಡದಲ್ಲಿ ‘ಹಸಿರೆಲ್ಲ ಕೆಂಪು’ ಎಂದಂತೆ. ಎರಡು ಸಾಲನ್ನೂ ಗಟ್ಟಿಯಾಗಿ ಓದಿ, ದನಿ ಎಲ್ಲಿ ಕುಸಿಯುತ್ತದೆ ಎಂದು ಗುರುತು ಹಾಕಿಕೊಳ್ಳಿ.