ಏಳನೇ ಕಂತಿನಲ್ಲೇ ಕೊಲೆಗಾರ ಸಿಕ್ಕರೆ ಎಂಟನೇದು ಯಾಕೆ?

ಈ ಸಲದ ಪ್ರಶ್ನೆಗಳೆಲ್ಲ ಅಮೆರಿಕದ ಪತ್ತೇದಾರಿ ಧಾರಾವಾಹಿ ‘ಟ್ರೂ ಡಿಟೆಕ್ಟಿವ್’ ಮೊದಲ ಸೀಸನ್ ಸುತ್ತಲೇ ಇವೆ. ಇನ್ನೂ ನೋಡಿಲ್ಲದವರು ಪುಟ ತಿರುಗಿಸಿಬಿಡಿ, ಮುಂದೆ ಗುಟ್ಟುಗಳಿವೆ.

ಪ್ರ: ಎಂಟು ಕಂತಿನ ಕಥೆಯಲ್ಲಿ ಏಳನೇದರ ಕೊನೆಗೇ ಕೊಲೆಗಾರನ ಮುಖ ತೋರಿಸಿಬಿಟ್ಟರು. ‘ಇನ್ನೇನು ಉಳೀತು, ಆಫ್ ಮಾಡು’ ಅಂತಾರೆ ನಮ್ಮೆಜಮಾನ್ರು. — ಓದುಗರು, ಬಸವನಗುಡಿ

ಉ: ಮೊದಲು ಅವರ ಕೈಯಿಂದ ರಿಮೋಟ್ ಇಸ್ಕೊಳ್ಳಿ. ಕೊಲೆಗಾರ ಯಾರು ಅಂತ ಗೊತ್ತಾಗಿದ್ದು ನಮಗೆ, ಪತ್ತೇದಾರರಾದ ರಸ್ಟ್‌ಗೂ ಮಾರ್ಟಿಗೂ ಅಲ್ಲ. ಆ ಕೊನೇ ದೃಶ್ಯವನ್ನು ಇನ್ನೊಮ್ಮೆ ಹಾಕಿ ನೋಡಿ. ರಸ್ಟ್ ಮೇಲೆಯೇ ಅನುಮಾನ ಇಟ್ಟುಕೊಂಡು ಅಲೆಯುತ್ತಿರುವ ಇಬ್ಬರು ಪೊಲೀಸರು ದಾರಿ ತಪ್ಪಿ, ಹುಲ್ಲು ಕತ್ತರಿಸುತ್ತಿದ್ದ ಒಬ್ಬನನ್ನು ದಾರಿ ಕೇಳುತ್ತಾರೆ. ಜಯನಗರದಲ್ಲಿ ಯಾವುದೋ ಕ್ರಾಸ್ ಕೇಳಿ, ಹೇಳುವವರ ಮಾತು ಮುಗಿಯೋ ಮುಂಚೆಯೇ ಗಾಡಿ ಎತ್ತುತ್ತೇವಲ್ಲ, ಹಾಗೆ ಹೊರಟುಬಿಡುತ್ತಾರೆ. ನಮ್ಮ ಮನೆತನ ಬಹಳ ಕಾಲದಿಂದ ಇಲ್ಲೇ ಇದೆ ಅಂತ ಅವನು ಹೇಳುವ ಹೊತ್ತಿಗೆ ಕೇಳೋಕೆ ಯಾರೂ ಇಲ್ಲ. ನಾವಿದ್ದೇವೆ. ಮುಖದ ಕೆಳಭಾಗದ ಕಲೆ ಆಗ ಕಾಣುತ್ತದೆ.

ಈಗ ಮೂರನೇ ಕಂತಿಗೆ ಹೋಗಿ. ಮುಚ್ಚಿಹೋದ ಶಾಲೆಯೊಂದರ ಅಂಗಳದಲ್ಲಿ ಇದೇ ಮನುಷ್ಯ, ಇದೇ ಕೆಲಸ ಮಾಡ್ತಾ ಇರ್ತಾನೆ, ಗಡ್ಡ ಇರೋದರಿಂದ ಕಲೆ ಕಾಣುವುದಿಲ್ಲ. ರಸ್ಟ್ ಮಾತಿಗೆ ನಿಲ್ಲುತ್ತಾನೆ. ಅಷ್ಟರಲ್ಲಿ ಬೇರೆ ಸುಳಿವು ಸಿಕ್ಕಿತು ಅಂತ ಮಾರ್ಟಿ ಕರೆಯುತ್ತಾನೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಮೂರನೇ ಕಂತಿನ 1995ರಲ್ಲೂ ಹಾಗೇ, ಏಳನೇ ಕಂತಿನ 2012ರಲ್ಲೂ ಹಾಗೇ. ಎರಡು ಸಲ ಪೊಲೀಸರೇ ಅವನ ಮುಂದೆ ನಿಂತು ಅರ್ಧ ಮಾತಿಗೆ ಎದ್ದು ಹೋಗಿದ್ದಾರೆ! ನನ್ನ ಪ್ರಕಾರ ಇಡೀ ಸೀಸನ್ನಿನ ಸಾರ ಇಲ್ಲಿದೆ, ಅದನ್ನು ಕೊನೇ ಕಂತಿನ ಹೊಡೆದಾಟದ ಗಲಾಟೆಯಲ್ಲಿ ಇಟ್ಟಿದ್ದರೆ ಯಾರಿಗೂ ಕಾಣುತ್ತಲೇ ಇರಲಿಲ್ಲ. ಎಂಟನೇದರಲ್ಲಿ ಹಸಿರು ಬಣ್ಣದ ಒಂದು ಚಿಕ್ಕ ಸುಳಿವಿದೆ. ಅದನ್ನು ಹಿಡಿಯೋದು ಜಾಣ ರಸ್ಟ್ ಅಲ್ಲ, ಮಾರ್ಟಿ. ಅದಕ್ಕಾದರೂ ನೋಡಿ.

ಪ್ರ: ಏಳನೇ ಕಂತಿನಲ್ಲಿ ರಸ್ಟ್ ಮಾರ್ಟಿಗೆ ತೋರಿಸುವ ವಿಡಿಯೋ ಟೇಪ್‌ನಲ್ಲಿ ಏನಿತ್ತು ಅಂತ ಪೂರ್ತಿ ತೋರಿಸಲೇ ಇಲ್ಲ. ಸೆನ್ಸಾರ್ ಕತ್ತರಿಸಿದ್ದಾ? — ಓದುಗರು, ಹನುಮಂತನಗರ

ಉ: ಇಲ್ಲ, ಬೇಕೆಂತಲೇ ತೋರಿಸಿಲ್ಲ. ಕ್ಯಾಮೆರಾ ಮಾರ್ಟಿ ಮುಖದ ಮೇಲಿರುತ್ತದೆ, ಅವನು ತಡೆಯಲಾಗದೆ ಕಿರುಚುತ್ತಾನೆ. ಸಾಕಲ್ವಾ?

ಪ್ರ: ಕಥೆಯಲ್ಲಿ ಹೆಸರಷ್ಟೇ ಕೇಳಿಬರುವ ಆ ನಿಗೂಢ ‘ಹಳದಿ ರಾಜ’ ಮಾರ್ಟಿಯ ಮಾವನೇ ಅಂತ ನಾವು ಆಫೀಸಿನಲ್ಲಿ ಪಂದ್ಯ ಕಟ್ಟಿದ್ದೆವು. ಕೊನೆಗೆ ನೋಡಿದರೆ ಏನೂ ಇಲ್ಲ. ಪ್ರಸಾರವಾದಾಗಲೂ ಜನರಿಗೆ ಹೀಗೇ ಅನ್ನಿಸಿತ್ತಾ? — ಓದುಗರು, ರಾಜಾಜಿನಗರ

ಉ: ಬಹಳ ಜನರಿಗೆ ಅನ್ನಿಸಿತ್ತು. 2014ರ ಆ ವಾರಗಳಲ್ಲಿ ಜನ ಪತ್ತೇದಾರರಿಗಿಂತ ಜಾಸ್ತಿ ಪತ್ತೇದಾರಿ ಮಾಡಿದರು. ಈ ಹೆಸರಿನ ಮೂಲವಾದ, ರಾಬರ್ಟ್ ಚೇಂಬರ್ಸ್ 1895ರಲ್ಲಿ ಬರೆದ ‘ದಿ ಕಿಂಗ್ ಇನ್ ಯೆಲ್ಲೋ’ ಕಥೆಗಳನ್ನು ಹುಡುಕಿ ಓದಿದರು, ಮಾರ್ಟಿಯೇ ಕೊಲೆಗಾರ ಅಂದರು, ರಸ್ಟೇ ಅಂದರು. ಕೊನೇ ಕಂತಿನ ದಿನ, ಮಾರ್ಚ್ 9ರಂದು, ನೋಡುವವರ ನೂಕುನುಗ್ಗಲಿಗೆ ವಾಹಿನಿಯ ಸ್ಟ್ರೀಮಿಂಗ್ ಸೇವೆ ಎಚ್‌ಬಿಒ ಗೋ ಕುಸಿದೇ ಬಿತ್ತು. ಇಷ್ಟೆಲ್ಲ ಆದಮೇಲೆ ಒಬ್ಬ ಹುಲ್ಲು ಕತ್ತರಿಸುವವನು ಅಂದರೆ ಬೇಜಾರಾಗದೆ ಇರುತ್ತದಾ!

ಆದರೆ ಕಥೆಯೇ ಉತ್ತರ ಹೇಳಿತ್ತು, ನಾವು ಕೇಳಿಸಿಕೊಳ್ಳಲಿಲ್ಲ ಅಷ್ಟೇ. ದೋಣಿಯಲ್ಲಿ ಪೊಲೀಸ್ ಅಧಿಕಾರಿ ಗೆರಾಸಿಯನ್ನು ಕೂರಿಸಿಕೊಂಡು ವಿಚಾರಿಸುವ ದೃಶ್ಯ ನೆನಪಿದೆಯಾ? ಮಗು ಕಾಣೆಯಾದ ದೂರನ್ನು ಯಾಕೆ ಮುಚ್ಚಿಹಾಕಿದೆ ಅಂದರೆ, ಮೇಲಿನವರು ಹೇಳಿದರು, ನಾನು ಮಾಡಿದೆ ಅನ್ನೋ ಧಾಟಿಯಲ್ಲಿ ಉತ್ತರ ಬರುತ್ತದೆ. ಆ ಮೇಲಿನವರ ಹೆಸರು ಚೈಲ್ಡ್ರೆಸ್, ಕೊಲೆಗಾರನ ಮನೆತನವೂ ಅದೇ. ರಾಜ, ಕಿರೀಟ, ಮಾಟ ಏನೂ ಬೇಕಾಗಿಲ್ಲ, ಒಂದು ಫೈಲು ಮುಚ್ಚಿದರೆ ಸಾಕಾಯಿತು. ನಿಮ್ಮ ದೂರಿನಲ್ಲಿ ಒಂದಂತೂ ನ್ಯಾಯವಾದದ್ದು: ಕೊಲೆಗಾರನ ನೆಂಟರಾದ, ರಾಜಕೀಯ ಬಲವಿರುವ ಟಟಲ್ ಮನೆತನದ ದೊಡ್ಡವರು ಕೊನೆಗೂ ಸಿಕ್ಕಿಬೀಳುವುದಿಲ್ಲ. ನನಗೂ ಅದು ಇನ್ನೂ ಚುಚ್ಚುತ್ತದೆ. ಪಂದ್ಯದ ದುಡ್ಡು ಮಾತ್ರ ವಾಪಸ್ ಕೊಡಿ, ಯಾರೂ ಗೆದ್ದಿಲ್ಲ.

ಪ್ರ: ರಸ್ಟ್ ಪಾತ್ರ ಮಾಡಿದ ಮ್ಯಾಥ್ಯೂ ಮೆಕಾನಹೇಗೆ ಆಸ್ಕರ್ ಬಂದಿದ್ದು ಇದಕ್ಕೇನಾ? — ಓದುಗರು, ವಿಜಯನಗರ

ಉ: ಅಲ್ಲ, ಆಸ್ಕರ್ ಸಿನಿಮಾಗಳಿಗೆ. ಅವರಿಗೆ ಬಂದಿದ್ದು ‘ಡಲ್ಲಾಸ್ ಬೈಯರ್ಸ್ ಕ್ಲಬ್’ಗೆ. ಮಜಾ ಅಂದರೆ, ಅದು ಬಂದಿದ್ದು 2014ರ ಮಾರ್ಚ್ 2ರ ರಾತ್ರಿ, ಅಮೆರಿಕದಲ್ಲಿ ಈ ಏಳನೇ ಕಂತು ಪ್ರಸಾರವಾದ ರಾತ್ರಿಯೇ. ಟಿವಿಯವರ ಎಮ್ಮಿಗೆ ಅವರೂ ಮಾರ್ಟಿ ಪಾತ್ರದ ವುಡಿ ಹ್ಯಾರೆಲ್‌ಸನ್ನೂ ಇಬ್ಬರೂ ಸ್ಪರ್ಧೆಯಲ್ಲಿದ್ದರು, ‘ಬ್ರೇಕಿಂಗ್ ಬ್ಯಾಡ್’ನ ಬ್ರಯಾನ್ ಕ್ರ್ಯಾನ್‌ಸ್ಟನ್ ಹೊಡೆದುಕೊಂಡು ಹೋದರು. ನಿರ್ದೇಶಕ ಕ್ಯಾರಿ ಫುಕುನಾಗಾಗೆ ಬಂತು, ಆದರೆ ಅದು ನಾಲ್ಕನೇ ಕಂತಿಗೆ. ನಾನಾಗಿದ್ದರೆ ಏಳಕ್ಕೆ ಕೊಡ್ತಿದ್ದೆ.