ಫ್ರಾಂಕ್‌ಫರ್ಟ್ ದೂರ, ಕಲಬುರಗಿ ಇನ್ನೂ ದೂರ

ಓದುಗರ ಪತ್ರ: "ನಮ್ಮದು ಕಮಲಾಪುರ ತಾಲ್ಲೂಕು. ಎರಡು ಎಕರೆ ಕೆಂಪು ಬಾಳೆ ಇದೆ. ಫ್ರಾಂಕ್‌ಫರ್ಟ್‌ನಲ್ಲಿ ಕೆಲಸ ಮಾಡುವ ನನ್ನ ತಮ್ಮ ಅಲ್ಲಿನ ಅಂಗಡಿಯ ಫೋಟೊ ಕಳಿಸಿದ್ದ. ಕೆಂಪು ಬಾಳೆಯನ್ನು ಒಂದೊಂದೇ ಬಿಡಿಯಾಗಿ ಮಾರುತ್ತಾರೆ, ಮೇಲೆ ಎಕ್ವಡಾರ್ ಸ್ಟಿಕ್ಕರ್. ನಮ್ಮ ಹಣ್ಣಿಗೆ, ಇದು ಈ ಊರಿನದೇ ಅಂತ ಗುರುತಿಸುವ ಜಿಐ ಟ್ಯಾಗ್ ಇದೆ, ಕಲಬುರಗಿಗೆ ವಿಮಾನ ನಿಲ್ದಾಣವೂ ಬಂದಿದೆ. ಯುರೋಪಿನವರು ಮಾವು, ಅವಕಾಡೊ ಅಂತ ಮುಗಿಬೀಳುವಾಗ ನಮ್ಮ ಹಣ್ಣು ಯಾಕೆ ಹೋಗಬಾರದು? ಇಲ್ಲಿ ಎಲ್ಲರೂ ಕೆಂಪು ಬಾಳೆ ಕಿತ್ತು ಜಿ-9 ತಳಿಯ ಬಾಳೆ ಹಾಕುತ್ತಿದ್ದಾರೆ. ಸರ್ಕಾರಕ್ಕೆ ಮುಟ್ಟುವಂತೆ ಬರೆಯಿರಿ. ಜೊತೆಗೆ ಒಂದು ಚಿಪ್ಪು ಹಣ್ಣು ಕಳಿಸಿದ್ದೇನೆ."

ಸಂಪಾದಕರ ಉತ್ತರ: ಪತ್ರವೂ ಬಂತು, ಹಣ್ಣೂ ಬಂತು. ಎರಡಕ್ಕೂ ಶರಣು. ಮಾರನೇ ದಿನ ಸಿಪ್ಪೆ ಕಂದಿ ಕಪ್ಪು ಚುಕ್ಕೆ ಬಿದ್ದಿತ್ತು. ನಮ್ಮ ಆಫೀಸಿನ ಹುಡುಗ ಚಿಪ್ಪನ್ನು ಎತ್ತಿ ಹಿಡಿದು, "ಸರ, ಇವು ಕೊಳತಾವ, ಒಗೀಲೇನ್ರಿ?" ಅಂದ. ಹುಡುಗ ಕಲಬುರಗಿಯವನೇ. ಇಲ್ಲೇ ಹುಟ್ಟಿ ಇಲ್ಲೇ ಬೆಳೆದವನು. ಕಮಲಾಪುರ ಇಲ್ಲಿಂದ ಸುಮಾರು 40 ಕಿ.ಮೀ. ಕೆಂಪು ಬಾಳೆಗೆ ಸಿಪ್ಪೆ ಕಪ್ಪಾಗುವಾಗಲೇ ರುಚಿ ಕೂಡುವುದು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ನನಗೆ ಅಲ್ಲೇ ಸಿಕ್ಕಿತು.

ರಫ್ತು ಬೇಡ ಅಂತ ನಾನು ಹೇಳುವುದಿಲ್ಲ. ಹೋಗಲಿ, ಯೂರೋ ಬರಲಿ. ಒಂದೂವರೆ ವರ್ಷ ಕಾದು ಒಂದು ಗೊನೆ ಕಾಣುವ ರೈತನಿಗೆ ನಾಲ್ಕು ಕಾಸು ಜಾಸ್ತಿ ಸಿಕ್ಕರೆ ಯಾರಿಗೆ ಹೊಟ್ಟೆಕಿಚ್ಚು? ಆದರೆ ಅಲ್ಲಿ ಹಣ್ಣಿಗೂ ಅಳತೆಪಟ್ಟಿ ಹಿಡಿಯುತ್ತಾರೆ. 1994ರಲ್ಲಿ ಐರೋಪ್ಯ ಒಕ್ಕೂಟ ಬಾಳೆಗೆ ಒಂದು ನಿಯಮ ಮಾಡಿತು. ಹೊರಬಾಗಿನ ಮೇಲೆ ಅಳೆದರೆ ಕನಿಷ್ಠ 14 ಸೆಂ.ಮೀ. ಉದ್ದ ಇರಬೇಕು, 27 ಮಿ.ಮೀ. ದಪ್ಪ ಇರಬೇಕು, ವಿಪರೀತ ಡೊಂಕು ಇರಬಾರದು. ಬ್ರಿಟನ್ನಿನ ಪತ್ರಿಕೆಗಳು ಈ ಡೊಂಕಿನ ವಿಷಯ ಹಿಡಿದು ವರ್ಷಗಟ್ಟಲೆ ನಕ್ಕವು. ಅವರು ನಕ್ಕರು, ಅಳತೆ ಹಾಗೇ ಉಳಿಯಿತು. ಕುತೂಹಲ ತಡೆಯದೆ ನಾನೂ ನಿಮ್ಮ ಚಿಪ್ಪಿಗೆ ಮೊಮ್ಮಗಳ ಸ್ಕೇಲು ಹಿಡಿದೆ. ಕೊನೆಯ ಎರಡು ಹಣ್ಣು ಫೇಲ್.

ಮಾವಿನ ಕಥೆ ನೆನಪಿದೆಯಲ್ವಾ? ಹಣ್ಣಿನ ನೊಣದಂಥ ಕೀಟ ಸಿಕ್ಕಿತು ಅಂತ 2014ರ ಮೇ 1ರಿಂದ ನಮ್ಮ ದೇಶದ ಮಾವು ಅಲ್ಲಿಗೆ ಬಂದ್. ಅದರ ಜೊತೆ ಬದನೆ, ಹಾಗಲ, ಪಡವಲ, ಕೆಸುವೂ ಬಂದ್. ಸೀಸನ್ ನಡುವೆ ರತ್ನಾಗಿರಿಯ ಆಪೂಸಿಗೂ ಬಾಗಿಲು ಹಾಕಿದರು. 2015ರಲ್ಲಿ ಮಾವಿಗೆ ಮತ್ತೆ ತೆರೆದರು. ಅಷ್ಟರಲ್ಲಿ ಒಂದು ಸೀಸನ್ ಹೋಗಿಯೇ ಹೋಯಿತು. ಹೆಸರಾಂತ ಮಾವಿನ ಪಾಡೇ ಇದಾದರೆ ಎರಡು ಎಕರೆಯವರ ಗತಿ ಏನು?

ವಿಮಾನದ ಮಾತು ಹೇಳಿದಿರಿ. ನಮ್ಮ ನಿಲ್ದಾಣ 2019ರಲ್ಲಿ ಶುರುವಾಯಿತು, ಸಂತೋಷ. ಆದರೆ ದೊಡ್ಡ ವ್ಯಾಪಾರದಲ್ಲಿ ಬಾಳೆ ಹೋಗುವುದು ಹಡಗಿನಲ್ಲಿ. ಹಸಿರುಕಾಯಿ ಕೊಯ್ದು, 13 ಡಿಗ್ರಿ ತಂಪಿನಲ್ಲಿ ಸಮುದ್ರ ದಾಟಿಸಿ, ಅಲ್ಲಿ ಕೋಣೆಯಲ್ಲಿಟ್ಟು ಎಥಿಲೀನ್ ಅನಿಲ ಬಿಟ್ಟು ಹಣ್ಣು ಮಾಡುತ್ತಾರೆ. ಈ ಪ್ರಯಾಣ ತಾಳಿದ ತಳಿಗೇ ಅಲ್ಲಿ ಪಟ್ಟ. ಮೊದಲು ಗ್ರಾ ಮಿಶೆಲ್ ಎಂಬ ತಳಿ ಮೆರೆಯಿತು. ಪನಾಮ ಎಂಬ ಸೊರಗು ರೋಗ ಬಂದು ಅದರ ತೋಟಗಳು ನೆಲಕಚ್ಚಿದವು. ಆಮೇಲೆ ಕ್ಯಾವೆಂಡಿಶ್ ಬಂತು. ಇಂಗ್ಲೆಂಡಿನ ಒಬ್ಬ ಡ್ಯೂಕ್ ತನ್ನ ಗಾಜಿನ ಮನೆಯಲ್ಲಿ ಬೆಳೆಸಿದ ಬಾಳೆ ಅದು, ಅವನ ಮನೆತನದ ಹೆಸರೇ ಅದಕ್ಕೆ. ನಿಮ್ಮ ಪಕ್ಕದ ಹೊಲದವರು ಹಾಕಿದ ಜಿ-9 ಕೂಡ ಅದೇ ಕುಲದ್ದು. ನಾವು ಯುರೋಪಿಗೆ ಹಣ್ಣು ಕಳಿಸುವುದು ಹೇಗೆ ಅಂತ ಲೆಕ್ಕ ಹಾಕುತ್ತಾ ಕೂತಿದ್ದೇವೆ. ಡ್ಯೂಕನ ಬಾಳೆ ಆಗಲೇ ಕಮಲಾಪುರಕ್ಕೆ ಬಂದು ಕೂತಿದೆ!

ಕಿವಿ ಹಣ್ಣಿನ ಕಥೆ ಇನ್ನೂ ಚೆನ್ನ. ಅದರ ಮೂಲ ಚೀನಾ. 1904ರಲ್ಲಿ ಶಾಲೆಯ ಮುಖ್ಯೋಪಾಧ್ಯಾಯಿನಿಯೊಬ್ಬರು ಬೀಜವನ್ನು ನ್ಯೂಜಿಲೆಂಡಿಗೆ ತಂದರು. ಅಲ್ಲಿಯ ಜನ ಅದಕ್ಕೆ ಚೀನೀ ನೆಲ್ಲಿ ಅನ್ನುವಂಥ ಹೆಸರಿಟ್ಟು ದಶಕಗಟ್ಟಲೆ ತಾವೇ ಬೆಳೆದರು, ತಾವೇ ತಿಂದರು. 1959ರಲ್ಲಿ ಅಮೆರಿಕಕ್ಕೆ ಮಾರಲು ತಮ್ಮ ನಾಡಿನ ಕಿವಿ ಹಕ್ಕಿಯ ಹೆಸರನ್ನು ಅದಕ್ಕೆ ಕೊಟ್ಟರು. ಕ್ರಮ ಗಮನಿಸಿ. ಮೊದಲು ಮನೆಯ ತಟ್ಟೆ, ಆಮೇಲೆ ಹೊರಗಿನ ಹಡಗು. ಈಗ ನಮ್ಮೂರ ಯಾವ ಆಸ್ಪತ್ರೆಯ ಗೇಟಿಗೆ ಹೋದರೂ ಕಿವಿ ಹಣ್ಣಿನ ಡಬ್ಬಿ ಜೋಡಿಸಿಟ್ಟಿರುತ್ತಾರೆ. ಡೆಂಗಿ ಸೀಸನ್‌ನಲ್ಲಿ ಕೇಳಲೇಬೇಡಿ. "ಪ್ಲೇಟ್‌ಲೆಟ್ ಏರ್ತಾವ್ರಿ ಸಾಹೇಬ್ರ, ಫಾರಿನ್ ಮಾಲು" ಅಂತ ತಳ್ಳುಗಾಡಿಯವನು ಪ್ಯಾಕೆಟ್ ಕೈಗಿಡುತ್ತಾನೆ. ಪ್ಲೇಟ್‌ಲೆಟ್ ಏರುತ್ತದೋ ಇಲ್ಲವೋ ಡಾಕ್ಟರನ್ನು ಕೇಳಿ. ರೇಟಂತೂ ಏರುತ್ತದೆ. "ಕೆಂಪು ಬಾಳೆ ಇದೆಯೇನಪ್ಪಾ?" ಅಂತ ಕೇಳಿದೆ. "ಅದು ಯಾರು ತಗೋತಾರ್ರಿ" ಅಂದ.

ಚಿಕ್ಕವನಿದ್ದಾಗ ಹುಮನಾಬಾದಿನ ಅತ್ತೆ ಮನೆಗೆ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಮಲಾಪುರದಲ್ಲಿ ಬಸ್ಸು ನಿಂತರೆ ಸಾಕು, ಬುಟ್ಟಿಗಳು ಕಿಟಕಿಗೆ ಬರುತ್ತಿದ್ದವು. ಅವ್ವ ಒಂದು ಹಣ್ಣು ಸುಲಿದು ನನಗೂ ತಂಗಿಗೂ ಅರ್ಧರ್ಧ ಕೊಡುತ್ತಿದ್ದಳು. ಒಳಗೆ ಕೆನೆಯಂಥ ದಪ್ಪ ತಿರುಳು. ಅರ್ಧಕ್ಕೇ ಹೊಟ್ಟೆ ತುಂಬುತ್ತಿತ್ತು. ಅತ್ತೆಗೆ ಅಂತ ಕಟ್ಟಿಸಿಕೊಂಡ ಡಜನ್ ಹುಮನಾಬಾದ್ ಮುಟ್ಟುವಷ್ಟರಲ್ಲಿ ಎಂಟಾಗುತ್ತಿತ್ತು. ಆಗ ಜಿಐ ಟ್ಯಾಗ್ ಎಲ್ಲಿತ್ತು? ಗಿರಾಕಿ ಇದ್ದ.

ಕೆಲವು ವರ್ಷದ ಹಿಂದೆ ತೋಟಗಾರಿಕೆ ರಫ್ತಿನ ಬಗ್ಗೆ ಒಂದು ಕಾರ್ಯಾಗಾರಕ್ಕೆ ನನ್ನನ್ನು ಕರೆದಿದ್ದರು. ಹೋಟೆಲಿನ ಏಸಿ ಹಾಲ್. ವೇದಿಕೆ ಮೇಲಿನ ಗಣ್ಯರಿಗೆ ಹಣ್ಣಿನ ಬುಟ್ಟಿ ಕೊಟ್ಟರು. ನನಗೂ ಒಂದು ಬಂತು. ಪ್ಲಾಸ್ಟಿಕ್ ಬಿಚ್ಚಿ ನೋಡಿದರೆ ಸ್ಟಿಕ್ಕರ್ ಹಚ್ಚಿದ ಸೇಬು, ಕಿವಿ, ಒಂದು ಡ್ರ್ಯಾಗನ್ ಹಣ್ಣು. ಹಿಂದಿನ ಬ್ಯಾನರ್ ಮೇಲೆ ಮಾತ್ರ ಕೆಂಪು ಬಾಳೆಯ ಗೊನೆ ನೇತಾಡುತ್ತಿತ್ತು. ನಾನು ಭಾಷಣದಲ್ಲಿ ಇದನ್ನೇ ಹೇಳಿದೆ. ಚಪ್ಪಾಳೆ ಬಿತ್ತು. ಮುಂದಿನ ಸಲ ಕರೆಯಲಿಲ್ಲ.

ಬೈಯುತ್ತೇನೆ ಅಂತ ಬೇಜಾರಾಗಬೇಡಿ. ಹೋದ ಮದುವೆ ಸೀಸನ್‌ನಲ್ಲಿ ನಿಮ್ಮ ಕಡೆಯ ಒಂದು ಮದುವೆಗೆ ಬಂದಿದ್ದೆ. ಊಟದ ಹಾಲ್‌ನಲ್ಲಿ ಫ್ರೂಟ್ ಕೌಂಟರ್. ಕಲ್ಲಂಗಡಿಯಲ್ಲಿ ಹಂಸ ಕೆತ್ತಿದ್ದರು, ಸುತ್ತ ಕಿವಿಯ ಹೋಳು. ತೋಟದಿಂದ ಎರಡು ಗೊನೆ ಕಡಿದು ತಂದು ತೂಗು ಹಾಕಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು! ನಿಮ್ಮ ಮನೆಯ ಕಾರ್ಯಕ್ಕೆ ನೀವು ಏನಿಡುತ್ತೀರಿ? ಪತ್ರದಲ್ಲಿ ಅದನ್ನು ಬರೆದಿಲ್ಲ.

ನಮ್ಮ ಭಾಗದ ರೋಗವೇ ಇದು. ಹಣ್ಣಿಗಷ್ಟೇ ಅಲ್ಲ. ನಮ್ಮ ಮಾತು "ಏನ್ರಿ, ಹೌದ್ರಿ" ಅಂತ ಸಿನಿಮಾದಲ್ಲಿ ನಗಿಸುವವನ ಬಾಯಲ್ಲಿ ಬಂದರೆ ಶಿಳ್ಳೆ ಹೊಡೆಯುತ್ತೇವೆ, ಸಂದರ್ಶನಕ್ಕೆ ಕೂತಾಗ ನುಂಗಿಕೊಳ್ಳುತ್ತೇವೆ. ಜೋಳದ ರೊಟ್ಟಿ ಬೆಂಗಳೂರಿನ ಹೋಟೆಲಿನ ಮೆನುವಿಗೆ ಏರಿದ ಮೇಲೆ ಅದರ ಜೊತೆ ಸೆಲ್ಫಿ. ಫ್ರಾಂಕ್‌ಫರ್ಟಿನ ಅಂಗಡಿಯಲ್ಲಿ ನೋಡಿದ ಮೇಲಲ್ಲವೇ ನಿಮ್ಮ ತಮ್ಮನಿಗೂ ಕೆಂಪು ಬಾಳೆ ಫೋಟೊ ತೆಗೆಯುವಂಥದ್ದು ಅನ್ನಿಸಿದ್ದು?

ಸರ್ಕಾರಕ್ಕೆ ಬರೆಯುತ್ತೇನೆ, ಬಿಡುವುದಿಲ್ಲ. ಅದರ ಜೊತೆ ನೀವೂ ಒಂದು ಕೆಲಸ ಮಾಡಿ. ವಾರಕ್ಕೆ ಎರಡು ಬುಟ್ಟಿ ಕಲಬುರಗಿ ಬಸ್ ಸ್ಟ್ಯಾಂಡಿಗೆ ಕಳಿಸಿ. "ಕಪ್ಪಾದರೆ ಕೊಳೆತಿಲ್ಲ, ಹಣ್ಣಾಗಿದೆ" ಅಂತ ದೊಡ್ಡದಾಗಿ ಒಂದು ರಟ್ಟಿನ ಮೇಲೆ ಬರೆಸಿ. ಮೊದಲ ಡಜನ್ ನನಗೆ, ದುಡ್ಡು ಕೊಟ್ಟೇ ತೆಗೆದುಕೊಳ್ಳುತ್ತೇನೆ.

ಅಂದಹಾಗೆ, ಆಫೀಸಿನ ಹುಡುಗನಿಗೆ ಒಂದು ಸುಲಿದು ಕೊಟ್ಟೆ. ಮಾತಾಡದೆ ತಿಂದ. ಸಂಜೆ ನೋಡಿದರೆ ಚಿಪ್ಪಿನಲ್ಲಿ ಎರಡೇ ಉಳಿದಿದ್ದವು, ಸ್ಕೇಲಿನಲ್ಲಿ ಫೇಲಾದವು.