ಗಾಜಿನ ಮನೆಗಿಂತ ಮೊದಲು ತೋಟ

ವಿದ್ಯಾನಗರದ ಓದುಗರೊಬ್ಬರು ಹೀಗೆ ಕೇಳಿದ್ದಾರೆ: ‘ಕುಂದವಾಡ ಕೆರೆಯ ಬಳಿ ಇರುವ ನಮ್ಮ ಗಾಜಿನ ಮನೆ ಲಾಲ್‌ಬಾಗಿನದಕ್ಕಿಂತ ದೊಡ್ಡದೆಂದು ಹೇಳುತ್ತಾರೆ. ಹಾಗಿದ್ದೂ ದಾವಣಗೆರೆಯ ಜನರೇ ರೈಲು ಹತ್ತಿ ಲಾಲ್‌ಬಾಗಿಗೆ ಹೋಗುತ್ತಾರಲ್ಲ, ಅಲ್ಲಿ ಅಂಥದ್ದೇನಿದೆ?’

ಮಾನ್ಯರೇ, ಅಳತೆಯ ಮಾತು ಬದಿಗಿರಲಿ. ಲಾಲ್‌ಬಾಗಿನಲ್ಲಿ ಮೊದಲು ಬಂದದ್ದು ತೋಟ. ಗಾಜಿನ ಮನೆ ಎದ್ದದ್ದು ಅದಾಗಿ ಸುಮಾರು ನೂರಮೂವತ್ತು ವರ್ಷಗಳ ಮೇಲೆ. ನಿಮ್ಮ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಇದರಲ್ಲಿಯೇ ಇದೆ.

1760ರಲ್ಲಿ ಆ ತೋಟಕ್ಕೆ ನಾಂದಿ ಹಾಡಿದವನು ಹೈದರ್ ಅಲಿ. (ಬೇತೂರಿನ ಮಗ್ಗುಲಿನ ಹಳ್ಳಿಯಾಗಿದ್ದ ದಾವಣಗೆರೆಯನ್ನು ಮರಾಠಾ ಸರದಾರ ಅಪ್ಪೋಜಿರಾಮನಿಗೆ ಜಹಗೀರಾಗಿ ಕೊಟ್ಟು, ಇಲ್ಲಿ ಪೇಟೆ ಬೆಳೆಯಲು ಕಾರಣನಾದವನೂ ಅವನೇ ಎಂಬುದನ್ನು ನಮ್ಮವರು ಮರೆಯಬಾರದು.) ಟಿಪ್ಪು ಹೊರನಾಡುಗಳಿಂದ ಗಿಡ, ಬೀಜಗಳನ್ನು ತರಿಸಿ ತೋಟವನ್ನು ಬೆಳೆಸಿದನು. 1799ರ ನಂತರ ಅದು ಇಂಗ್ಲಿಷರ ವಶವಾಗಿ, 1856ರಲ್ಲಿ ಸರ್ಕಾರಿ ಸಸ್ಯೋದ್ಯಾನವಾಯಿತು. 1874ರಲ್ಲಿ ಮೇಲ್ವಿಚಾರಕರಾಗಿ ಬಂದ ಜೇಮ್ಸ್ ಕ್ಯಾಮರಾನ್ ಅನೇಕ ಹೊಸ ಬೆಳೆಗಳನ್ನು ಇಲ್ಲಿಯ ಮಣ್ಣಿಗೆ ಒಗ್ಗಿಸಿದರು. ಇಂದು ನಮ್ಮ ಸಂತೆಯಲ್ಲಿ ಅಗ್ಗವಾಗಿ ಸಿಗುವ ಸೀಮೆಬದನೆಯನ್ನು ಈ ನಾಡಿಗೆ ಪರಿಚಯಿಸಿದ ಶ್ರೇಯಸ್ಸು ಅವರಿಗೇ ಸಲ್ಲುತ್ತದೆ.

ಗಾಜಿನ ಮನೆಗೆ 1889ರ ನವೆಂಬರ್ 30ರಂದು ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಡಿಗಲ್ಲು ಹಾಕಿದರು. ಗಾಜು, ಕಬ್ಬಿಣಗಳಿಂದ ಕಟ್ಟಿದ್ದ ಲಂಡನ್ನಿನ ಪ್ರದರ್ಶನ ಭವನ ಕ್ರಿಸ್ಟಲ್ ಪ್ಯಾಲೆಸ್ ಅದಕ್ಕೆ ಮಾದರಿ. ಎರಕದ ಕಬ್ಬಿಣದ ಭಾಗಗಳು ಬಂದದ್ದು ಗ್ಲಾಸ್ಗೋದಿಂದ. ಚಳಿಯ ದೇಶದಲ್ಲಿ ಉಷ್ಣವಲಯದ ಗಿಡಗಳನ್ನು ಉಳಿಸಿಕೊಳ್ಳಲು ಗಾಜಿನ ಸೂರು ಬೇಕೇ ಬೇಕು; ಬೆಂಗಳೂರಿನ ಹವೆಗೆ ಆ ಅಗತ್ಯ ಅಷ್ಟಾಗಿ ಇರಲಿಲ್ಲ. ಆದ್ದರಿಂದ ಅಲ್ಲಿ ಅದು ಮುಖ್ಯವಾಗಿ ಫಲಪುಷ್ಪ ಪ್ರದರ್ಶನದ ಚಪ್ಪರವಾಯಿತು. ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ವೇಳೆಗೆ ಜನ ಮುಗಿಬೀಳುವುದು ಗಾಜನ್ನು ನೋಡಲಲ್ಲ, ಅದರ ಕೆಳಗೆ ಇಟ್ಟದ್ದನ್ನು ನೋಡಲು. ನಮ್ಮಲ್ಲಿ ಕಟ್ಟಡದ ಬಗ್ಗೆ ಆಗುವಷ್ಟು ಮಾತು ಅದರೊಳಗಿನ ಗಿಡಗಳ ಬಗ್ಗೆ ಆಗುತ್ತಿಲ್ಲವೆಂಬುದೇ ನಮ್ಮ ಆಕ್ಷೇಪ.

1908ರಲ್ಲಿ ಲಾಲ್‌ಬಾಗಿನ ಮೇಲ್ವಿಚಾರಕರಾಗಿ ಬಂದ ಜರ್ಮನಿಯ ಜಿ.ಎಚ್. ಕ್ರುಂಬಿಗಲ್ ಅವರ ಕೆಲಸವನ್ನು ವಿಶೇಷವಾಗಿ ಹೇಳಬೇಕು. ಒಂದು ಜಾತಿಯ ಮರ ಹೂ ಉದುರಿಸುವ ಹೊತ್ತಿಗೆ ಇನ್ನೊಂದು ಅರಳುವಂತೆ ಅವರು ಬೆಂಗಳೂರಿನ ಬೀದಿಗಳಿಗೆ ಮರಗಳನ್ನು ಆಯ್ದರು. ವರ್ಷವಿಡೀ ಊರಿನಲ್ಲಿ ಎಲ್ಲಾದರೊಂದು ಕಡೆ ಬಣ್ಣ ಇರುವುದಕ್ಕೆ ಆ ಲೆಕ್ಕಾಚಾರವೇ ಕಾರಣ. ಅವರ ನಂತರ ಎಚ್.ಸಿ. ಜವರಾಯ, ಮುಂದೆ ಎಂ.ಎಚ್. ಮರಿಗೌಡರು ಆ ಹೊಣೆಯನ್ನು ಹೊತ್ತರು. ಮರಿಗೌಡರ ಕಾಲದಲ್ಲಿ ತೋಟಗಾರಿಕೆ ಲಾಲ್‌ಬಾಗಿನ ಬೇಲಿ ದಾಟಿ ಜಿಲ್ಲೆ ಜಿಲ್ಲೆಗಳ ಸಸ್ಯಕ್ಷೇತ್ರಗಳಿಗೆ ಹಬ್ಬಿತು.

ಕಬ್ಬನ್ ಪಾರ್ಕಿನದು ಬೇರೆಯ ಬಗೆ. 1870ರಲ್ಲಿ ಮುಖ್ಯ ಎಂಜಿನಿಯರ್ ರಿಚರ್ಡ್ ಸ್ಯಾಂಕಿ ರೂಪಿಸಿದ ಅದು ಸಸ್ಯಶಾಸ್ತ್ರದ ತೋಟವಲ್ಲ, ಅಠಾರಾ ಕಚೇರಿಯ (ಇಂದಿನ ಹೈಕೋರ್ಟ್ ಕಟ್ಟಡ) ಸುತ್ತ ಜನ ಅಡ್ಡಾಡಲು ಬಿಟ್ಟ ಹಸಿರು. ಅರ್ಧ ದಿನ ಸಾಕು.

ಲಾಲ್‌ಬಾಗಿಗೆ ಮಾತ್ರ ಬಿಡುವು ಬೇಕು. ಸುಮಾರು 240 ಎಕರೆಯ ಆ ತೋಟದಲ್ಲಿ ಹೂವಿನ ಪಾತಿಗಳಿಗಿಂತ ಮೊದಲು ಹಳೆಯ ಬೂರುಗದ ಮರವನ್ನು ಹುಡುಕಿರಿ. ಅದರ ಬೇರುಗಳು ನೆಲದೊಳಗೆ ಇಳಿಯುವ ಮುನ್ನ ಹಲಗೆಗಳಂತೆ ಅಗಲವಾಗಿ ಎದ್ದು ನಿಂತಿವೆ. ಎರಡು ಬೇರುಗಳ ನಡುವಿನ ಸಂದಿಯಲ್ಲಿ ಆಳು ನಿಲ್ಲಬಹುದು. ಬಳಿಕ ಕೆಂಪೇಗೌಡರ ಗೋಪುರವಿರುವ ಬಂಡೆಯನ್ನು ಹತ್ತಿರಿ. ಸುಮಾರು 300 ಕೋಟಿ ವರ್ಷ ಹಳೆಯದಾದ ಆ ‘ನೈಸ್’ (gneiss) ಎಂಬ ಜಾತಿಯ ಶಿಲೆಯಲ್ಲಿ ಕಪ್ಪು, ಬಿಳುಪಿನ ಪಟ್ಟೆಗಳು ಕಾಲ ಕೆಳಗೇ ಕಾಣುತ್ತವೆ.

ಪ್ರದರ್ಶನದ ದಿನಗಳಲ್ಲಿ ಹೋಗುವುದಾದರೆ ಭಾನುವಾರ ಬೇಡ. ರೈಲಿನಲ್ಲಿ ಬೆಂಗಳೂರು ತಲುಪಿ, ಮೆಜೆಸ್ಟಿಕ್ಕಿನಿಂದ ಹಸಿರು ಮಾರ್ಗದ ಮೆಟ್ರೊ ಹಿಡಿದರೆ ಲಾಲ್‌ಬಾಗಿನ ಹತ್ತಿರವೇ ಇಳಿಯಬಹುದು. ಬಿಸಿಲೇರುವ ಮುನ್ನ ಬಂಡೆ ಹತ್ತಿ, ಗಾಜಿನ ಮನೆಯನ್ನು ಮಧ್ಯಾಹ್ನಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು.

— ಸಂಪಾದಕರು